ಮರಕ್ಕಿಂತ ಮೊದಲು ಉರುಳುವುದು ಮಾತು

2025ರ ಆಗಸ್ಟ್ 29ರಂದು ಅಮೆರಿಕದ ಕೃಷಿ ಇಲಾಖೆಯು ಸರ್ಕಾರಿ ಗೆಜೆಟ್ಟಿನಲ್ಲಿ ಒಂದು ಪ್ರಕಟಣೆ ಹೊರಡಿಸಿತು. ಆ ದೇಶದಲ್ಲಿ ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ‘ಅರಣ್ಯ ಸೇವೆ’ ಎಂಬ ಸಂಸ್ಥೆ ಕೃಷಿ ಇಲಾಖೆಯ ಅಧೀನದಲ್ಲಿದೆ. ಆ ಅರಣ್ಯಗಳ ಪೈಕಿ ರಸ್ತೆಯಿಲ್ಲದೆ ಉಳಿದಿರುವ ಭಾಗಗಳಿಗೆ 2001ರಿಂದ ದೊರೆತಿದ್ದ ರಕ್ಷಣೆಯನ್ನು ರದ್ದುಪಡಿಸುವ ಉದ್ದೇಶವಿದೆಯೆಂದೂ, ಸಾರ್ವಜನಿಕರು ತಮ್ಮ ಅಭಿಪ್ರಾಯವನ್ನು ಸೆಪ್ಟೆಂಬರ್ 19ರೊಳಗೆ ತಿಳಿಸಬೇಕೆಂದೂ ಅದರಲ್ಲಿ ಹೇಳಲಾಗಿತ್ತು. ಲೆಕ್ಕ ಹಾಕಿದರೆ ಜನರಿಗೆ ದೊರೆತದ್ದು ಮೂರೇ ವಾರ.

ಆ ನಿಯಮ ರೂಪುಗೊಂಡ ಬಗೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕ್ಲಿಂಟನ್ ಆಡಳಿತದ ಕೊನೆಯ ದಿನಗಳಲ್ಲಿ, 2001ರ ಜನವರಿಯಲ್ಲಿ, ಅದು ಜಾರಿಗೆ ಬರುವ ಮೊದಲು ದೇಶದಾದ್ಯಂತ 600ಕ್ಕೂ ಹೆಚ್ಚು ಸಾರ್ವಜನಿಕ ಸಭೆಗಳು ನಡೆದಿದ್ದವು. 16 ಲಕ್ಷ ಅಭಿಪ್ರಾಯಗಳು ಬಂದಿದ್ದವು. ಅವುಗಳಲ್ಲಿ ಬಹುಪಾಲು ಕಾಡಿನ ಪರವಾಗಿದ್ದವು. ಅಷ್ಟು ಜನ ಕೂಡಿ ಆಡಿದ ಮಾತಿನಿಂದ ರಕ್ಷಣೆ ಪಡೆದ ಕಾಡಿನ ವಿಸ್ತೀರ್ಣ 5.85 ಕೋಟಿ ಎಕರೆ. ಕರ್ನಾಟಕದ ಒಟ್ಟು ಭೂಪ್ರದೇಶವೇ ಸುಮಾರು 4.74 ಕೋಟಿ ಎಕರೆ. ಹೆಚ್ಚುಕಡಿಮೆ ಇಡೀ ಕರ್ನಾಟಕದಷ್ಟಿರುವ ಕಾಡಿನ ಭವಿಷ್ಯವನ್ನು ಕುರಿತು ಮಾತನಾಡಲು ಕೊಟ್ಟ ಗಡುವು, ಭತ್ತದ ಸಸಿಮಡಿ ನಾಟಿಗೆ ಬರಲು ಬೇಕಾಗುವಷ್ಟು ಕಾಲ ಮಾತ್ರ.

ಕಾಡು ಕಡಿಯುವ ಪ್ರಭುತ್ವಗಳು ಎಲ್ಲೆಡೆಯೂ ಒಂದೇ ಕ್ರಮವನ್ನು ಅನುಸರಿಸುತ್ತವೆ. ಮೊದಲು ಕಾಡಿನ ಬಗ್ಗೆ ಮಾತನಾಡುವವರ ಮಾತನ್ನು ಕಡಿಯುತ್ತವೆ. ಮರಕ್ಕೆ ಕೊಡಲಿ ಬೀಳುವುದು ಆಮೇಲೆ. 2025ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಎರಡನೆಯ ಬಾರಿ ಅಧಿಕಾರ ವಹಿಸಿಕೊಂಡ ಬಳಿಕ ಅಲ್ಲಿ ನಡೆದದ್ದು ಇದೇ. ಅಲ್ಲಿನ ಚರ್ಚೆಯನ್ನು ಕೇವಲ ಒಬ್ಬ ಅಧ್ಯಕ್ಷನ ಸ್ವಭಾವದ ಚರ್ಚೆಯೆಂದು ತಿಳಿದವರಿಗೆ ಈ ಸೂಕ್ಷ್ಮ ಕಾಣುವುದಿಲ್ಲ.

ರಸ್ತೆಯಿಲ್ಲದ ಕಾಡು ಎಂದರೇನು?

ಮಲೆನಾಡಿನ ಹಿರಿಯರಿಗೆ ಕೂಪಿನ ರಸ್ತೆಯ ಕಥೆ ಗೊತ್ತು. ಗುಡ್ಡದ ಮಗ್ಗುಲನ್ನು ಸೀಳಿ ನಾಟಾ ಲಾರಿಗಾಗಿ ಮಾಡಿದ ರಸ್ತೆ, ಕೂಪು ಮುಗಿದ ಮೇಲೂ ಮುಚ್ಚುವುದಿಲ್ಲ. ಮಳೆಗಾಲದಲ್ಲಿ ಅದೇ ಹಳ್ಳವಾಗುತ್ತದೆ, ಧರೆ ಕುಸಿಯುತ್ತದೆ, ಕೆಳಗಿನ ತೊರೆಯಲ್ಲಿ ಹೂಳು ತುಂಬುತ್ತದೆ. ಕಳೆಯ ಬೀಜ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಕಳ್ಳನಾಟಾ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ಅಮೆರಿಕದ ಬೆಟ್ಟಗಳಲ್ಲಿಯೂ ಇದರ ಹೊರತಾದುದೇನೂ ಆಗಲಿಲ್ಲ.

2001ರ ನಿಯಮವು ಇದ್ದ ಯಾವ ರಸ್ತೆಯನ್ನೂ ಮುಚ್ಚಲಿಲ್ಲ. ನಡಿಗೆ, ಬೇಟೆ, ಮೀನುಗಾರಿಕೆ, ದನ ಮೇಯಿಸುವುದು ಯಾವುದನ್ನೂ ನಿಷೇಧಿಸಲಿಲ್ಲ. ರಸ್ತೆಯಿಲ್ಲದ ಕಾಡಿನಲ್ಲಿ ಹೊಸ ರಸ್ತೆ ಬೇಡ, ವಾಣಿಜ್ಯ ಕಟಾವು ಬೇಡ ಎಂದಷ್ಟೇ ಹೇಳಿತು. ಅದಕ್ಕೆ ಇಲಾಖೆಯೇ ಕೊಟ್ಟ ಒಂದು ಕಾರಣ ಲೆಕ್ಕಪತ್ರದ್ದು. ರಾಷ್ಟ್ರೀಯ ಅರಣ್ಯಗಳೊಳಗೆ ಆಗಲೇ 3,86,000 ಮೈಲಿ, ಅಂದರೆ ಸುಮಾರು 6.2 ಲಕ್ಷ ಕಿಲೋಮೀಟರ್ ರಸ್ತೆಯಿತ್ತು. ಭೂಮಿಯನ್ನು ಹದಿನೈದು ಸಲ ಸುತ್ತುವಷ್ಟು ಉದ್ದ. ಅದರ ದುರಸ್ತಿಗೆ ಬಾಕಿಯಿದ್ದ ಕೆಲಸದ ಮೊತ್ತವೇ 840 ಕೋಟಿ ಡಾಲರ್. ಇದ್ದ ರಸ್ತೆಯ ಗುಂಡಿ ಮುಚ್ಚಲು ಹಣವಿಲ್ಲದ ಇಲಾಖೆಗೆ ಹೊಸ ರಸ್ತೆಯ ಉಸಾಬರಿ ಏಕೆ ಎಂಬ ಪ್ರಶ್ನೆಯನ್ನು ಪರಿಸರವಾದಿಗಳಿಗಿಂತ ಮೊದಲು ಲೆಕ್ಕಿಗರೂ ಕೇಳಬಹುದಾಗಿತ್ತು.

ಎರಡನೆಯ ಕಾರಣ ನೀರು. ಅಮೆರಿಕದಲ್ಲಿ ಸುಮಾರು ಆರು ಕೋಟಿ ಜನರ ಕುಡಿಯುವ ನೀರಿನ ಮೂಲ ರಾಷ್ಟ್ರೀಯ ಅರಣ್ಯಗಳಲ್ಲಿದೆ. ಪಟ್ಟಣದ ನಲ್ಲಿಯಲ್ಲಿ ತಿಳಿನೀರು ಬರಬೇಕಾದರೆ ಮೇಲಿನ ಗುಡ್ಡದ ಮಣ್ಣು ಗುಡ್ಡದಲ್ಲಿಯೇ ನಿಲ್ಲಬೇಕು. ಶರಾವತಿ, ಕಾಳಿ, ತುಂಗೆಯರ ನೆತ್ತಿಯಲ್ಲಿ ಬದುಕುವವರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ಈ ನಿಯಮವನ್ನು ಮುರಿಯುವ ಯತ್ನ ಇದು ಮೊದಲನೆಯದಲ್ಲ. ಬುಷ್ ಆಡಳಿತ 2005ರಲ್ಲಿ ಅದನ್ನು ಬದಲಿಸಿತು. ನ್ಯಾಯಾಲಯಗಳು ಮತ್ತೆ ಜೀವ ಕೊಟ್ಟವು. ಅಲಾಸ್ಕದ ಟೊಂಗಾಸ್ ಎಂಬ ಮಳೆಕಾಡಿನ ಕಥೆ ಇನ್ನೂ ದೀರ್ಘವಾದುದು. ಅಲ್ಲಿ 92 ಲಕ್ಷ ಎಕರೆ ರಸ್ತೆಯಿಲ್ಲದ ಕಾಡಿದೆ. ಟ್ಲಿಂಗಿಟ್ ಮೊದಲಾದ ಮೂಲನಿವಾಸಿಗಳು ಆ ಕಾಡಿನ ತೊರೆಗಳಿಗೆ ಬರುವ ಸಾಲ್ಮನ್ ಮೀನನ್ನು ನಂಬಿ ಬಾಳುತ್ತಾರೆ. 2003ರಲ್ಲಿ ಟೊಂಗಾಸ್ ಅನ್ನು ನಿಯಮದಿಂದ ಹೊರಗಿಟ್ಟಾಗ ಕೇಕ್ ಎಂಬ ಸಣ್ಣ ಊರಿನ ಟ್ಲಿಂಗಿಟ್ ಜನರ ಆಡಳಿತ ಮಂಡಳಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಊರಿನ ಪರವಾಗಿ ತೀರ್ಪಿತ್ತಿತು. 2020ರಲ್ಲಿ ಟ್ರಂಪ್ ಮೊದಲ ಅವಧಿಯ ಸರ್ಕಾರ ಮತ್ತೆ ಹೊರಗಿಟ್ಟಿತು. 2023ರಲ್ಲಿ ಬೈಡನ್ ಸರ್ಕಾರ ಮತ್ತೆ ಒಳಗೆ ತಂದಿತು. 2025ರಲ್ಲಿ ಮತ್ತೆ ಅದೇ ಹಗ್ಗಜಗ್ಗಾಟ. ನಾಲ್ಕು ವರ್ಷಕ್ಕೊಮ್ಮೆ ಬದಲಾಗುವ ಸಹಿಯ ಕೆಳಗೆ ನೂರಾರು ವರ್ಷದ ಮರಗಳು ತಮ್ಮ ಸರದಿಗಾಗಿ ಕಾಯುತ್ತ ನಿಂತಿವೆ.

ಬೆಂಕಿಯ ನೆಪ

ನಿಯಮವನ್ನು ತೆಗೆಯಲು ಕೃಷಿ ಕಾರ್ಯದರ್ಶಿ ಬ್ರೂಕ್ ರಾಲಿನ್ಸ್ ಕೊಟ್ಟ ಮುಖ್ಯ ಕಾರಣ ಕಾಳ್ಗಿಚ್ಚು. ರಸ್ತೆಯಿದ್ದರೆ ಬೆಂಕಿ ಆರಿಸುವವರು ತಲುಪಬಹುದು, ಒಣಗಿದ ಮರ ತೆಗೆಯಬಹುದು ಎಂಬುದು ವಾದ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ ಪ್ಯಾರಡೈಸ್ ಎಂಬ ಬೆಟ್ಟದೂರು ಸುಟ್ಟುಹೋದಾಗ 85 ಜನ ಸತ್ತರು. ಕಾಡಂಚಿನ ಜನರ ಭಯ ನಿಜವಾದ ಭಯ. ಆ ಭಯವನ್ನು ಬಂಡವಾಳ ಮಾಡಿಕೊಳ್ಳುವುದೇ ತಪ್ಪು.

ಪ್ಯಾರಡೈಸ್ ಊರಿನ ಬೆಂಕಿ ಹೊತ್ತಿದ್ದು ವಿದ್ಯುತ್ ಕಂಪನಿಯೊಂದರ ಹಳೆಯ ತಂತಿಯಿಂದ. ರಸ್ತೆಯಿಲ್ಲದ ಕಾಡಿನ ದೆಸೆಯಿಂದಲ್ಲ. 1992ರಿಂದ 2012ರವರೆಗಿನ ಕಾಳ್ಗಿಚ್ಚುಗಳನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಅಮೆರಿಕದ ಕಾಳ್ಗಿಚ್ಚುಗಳಲ್ಲಿ 84 ಶೇಕಡಾ ಹೊತ್ತಿಕೊಂಡದ್ದು ಮನುಷ್ಯರಿಂದ. ಮನುಷ್ಯ ಕಾಡಿನೊಳಕ್ಕೆ ಹೋಗುವುದು ಯಾವ ದಾರಿಯಿಂದ? ರಸ್ತೆಯಿಂದಲೇ. ಬೆಂಕಿ ಆರಿಸುವ ವಾಹನ ಹೋಗುವ ರಸ್ತೆಯಲ್ಲಿ ಬೆಂಕಿ ಹಚ್ಚುವ ಕೈಯೂ ಹೋಗುತ್ತದೆ. ಮನೆ ಉಳಿಯುವುದೋ ಸುಡುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮನೆಯ ಮಾಡು ಮತ್ತು ಅದರ ಸುತ್ತಲಿನ ಸುಮಾರು ಮೂವತ್ತು ಮೀಟರ್ ಜಾಗ ಎಂದು ಅದೇ ಅರಣ್ಯ ಸೇವೆಯ ವಿಜ್ಞಾನಿಯಾಗಿದ್ದ ಜ್ಯಾಕ್ ಕೊಹೆನ್ ದಶಕಗಳ ಪ್ರಯೋಗದಿಂದ ತೋರಿಸಿದ್ದಾರೆ. ಮೇಲಾಗಿ 2001ರ ನಿಯಮದಲ್ಲಿಯೇ ಬೆಂಕಿಯ ಅಪಾಯ ತಗ್ಗಿಸಲು ಸಣ್ಣ ಮರಗಳನ್ನು ತೆಗೆಯಲು ಅವಕಾಶವಿದೆ. ಜೀವಕ್ಕೆ, ಆಸ್ತಿಗೆ ಅಪಾಯ ಎದುರಾದಾಗ ರಸ್ತೆ ಮಾಡಲೂ ಅವಕಾಶವಿದೆ. ಇಲ್ಲದಿರುವುದು ದೊಡ್ಡ ಮರವನ್ನು ಲಾಭಕ್ಕಾಗಿ ಲಾರಿಗೆ ಹೇರುವ ಅವಕಾಶ ಮಾತ್ರ. ರದ್ದತಿಯ ಒತ್ತಾಯ ಯಾವುದಕ್ಕಾಗಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಬೆಂಕಿಯ ಬಗ್ಗೆ ಇಷ್ಟು ಕಾಳಜಿಯಿದ್ದ ಸರ್ಕಾರ 2025ರ ಫೆಬ್ರವರಿಯಲ್ಲಿ ಅರಣ್ಯ ಸೇವೆಯ ಸಾವಿರಾರು ಹೊಸ ನೌಕರರನ್ನು ಒಂದೇ ಏಟಿಗೆ ಕೆಲಸದಿಂದ ತೆಗೆಯಿತು. ಅವರಲ್ಲಿ ಅನೇಕರು ಬೇಸಿಗೆಯಲ್ಲಿ ಬೆಂಕಿ ಆರಿಸುವ ಕೆಲಸಕ್ಕೂ ತರಬೇತಿ ಪಡೆದವರು. ಮಾರ್ಚ್ ತಿಂಗಳಲ್ಲಿ ನೌಕರರ ದೂರು ಕೇಳುವ ಮಂಡಳಿಯ ಆದೇಶದಿಂದ ಅವರನ್ನು ತಾತ್ಕಾಲಿಕವಾಗಿ ಮರಳಿ ಸೇರಿಸಿಕೊಳ್ಳಬೇಕಾಯಿತು. ಬೆಂಕಿ ಆರಿಸುವವನನ್ನು ಮನೆಗೆ ಕಳಿಸಿ, ಬೆಂಕಿಯ ಹೆಸರಿನಲ್ಲಿ ಗುತ್ತಿಗೆದಾರನನ್ನು ಕಾಡಿಗೆ ಕರೆಯುವುದು ಯಾವ ನ್ಯಾಯ?

ತುರ್ತು ಎಂಬ ಕೀಲಿಕೈ

ಭಾರತೀಯರಿಗೆ ‘ತುರ್ತುಪರಿಸ್ಥಿತಿ’ ಎಂಬ ಮಾತಿನ ರುಚಿ 1975ರಿಂದಲೇ ಗೊತ್ತು. ಆ ಮಾತು ಬಂದಲ್ಲಿ ಪ್ರಶ್ನೆ ಕೇಳುವವನ ಬಾಯಿ ಮುಚ್ಚುತ್ತದೆ. ಟ್ರಂಪ್ ಆಡಳಿತ ಈ ಕೀಲಿಕೈಯನ್ನು ಮೊದಲ ದಿನವೇ ಕೈಗೆತ್ತಿಕೊಂಡಿತು. 2025ರ ಜನವರಿ 20ರಂದೇ ರಾಷ್ಟ್ರೀಯ ಇಂಧನ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಹವಾಮಾನ ಕುರಿತ ಪ್ಯಾರಿಸ್ ಒಪ್ಪಂದದಿಂದ ಎರಡನೆಯ ಬಾರಿ ಹೊರನಡೆಯುವ ಆಜ್ಞೆಯೂ ಅದೇ ದಿನ ಹೊರಟಿತು. ಇಂಧನದ ಬರ ನಿಜವಾಗಿ ಇತ್ತೇ? ಜಗತ್ತಿನ ಯಾವ ದೇಶವೂ ಹಿಂದೆಂದೂ ತೆಗೆಯದಷ್ಟು ಕಚ್ಚಾ ತೈಲವನ್ನು 2024ರಲ್ಲಿ ಅಮೆರಿಕ ತೆಗೆದಿತ್ತು. ಆ ಘೋಷಣೆಯಲ್ಲಿ ಇಂಧನವೆಂದರೆ ಏನೆಂಬ ಪಟ್ಟಿಯಿದೆ. ಅದರಲ್ಲಿ ತೈಲವಿದೆ, ಅನಿಲವಿದೆ, ಕಲ್ಲಿದ್ದಲಿದೆ, ಯುರೇನಿಯಂ ಇದೆ. ಬಿಸಿಲು ಮತ್ತು ಗಾಳಿಯಿಲ್ಲ. ಇಂಧನ ಸಾಲದೆಂದು ಕೂಗುವವರು ಸೂರ್ಯನನ್ನೇ ಪಟ್ಟಿಯಿಂದ ಹೊರಗಿಟ್ಟ ಪರಿ ಇದು.

ಅದರ ಬೆನ್ನಿಗೆ ಮಾರ್ಚ್ 1ರಂದು ನಾಟಾ ಉತ್ಪಾದನೆ ಹೆಚ್ಚಿಸುವ ಆಜ್ಞೆ ಬಂದಿತು. ಏಪ್ರಿಲ್ ಮೊದಲ ವಾರದಲ್ಲಿ ರಾಷ್ಟ್ರೀಯ ಅರಣ್ಯಗಳ 11.26 ಕೋಟಿ ಎಕರೆ ಪ್ರದೇಶವನ್ನು, ಅಂದರೆ ಒಟ್ಟು ಅರಣ್ಯದ ಅರ್ಧಕ್ಕೂ ಮಿಕ್ಕ ಭಾಗವನ್ನು, ‘ತುರ್ತು ಸ್ಥಿತಿ’ಯಲ್ಲಿದೆಯೆಂದು ಸಾರಲಾಯಿತು. ಅಂಥ ಕಾಡಿನಲ್ಲಿ ತುರ್ತು ಕ್ರಮವೆಂದು ಕಟಾವು ಕೈಗೊಂಡರೆ, ತೀರ್ಮಾನಕ್ಕೆ ಮೊದಲು ಆಕ್ಷೇಪಣೆ ಸಲ್ಲಿಸುವ ಹಕ್ಕು ಜನರಿಗಿಲ್ಲ. ಏಪ್ರಿಲ್ 23ರಂದು ಒಳಾಡಳಿತ ಇಲಾಖೆ ಮತ್ತೊಂದು ಹೆಜ್ಜೆ ಇಟ್ಟಿತು. ತೈಲ, ಕಲ್ಲಿದ್ದಲು, ಗಣಿ ಮೊದಲಾದ ಯೋಜನೆಗಳ ಸಣ್ಣ ಪರಿಸರ ವರದಿ 14 ದಿನದಲ್ಲಿಯೂ, ವರ್ಷಗಟ್ಟಲೆ ಹಿಡಿಯುತ್ತಿದ್ದ ಪೂರ್ಣ ವರದಿ 28 ದಿನದಲ್ಲಿಯೂ ಮುಗಿಯಬೇಕೆಂದಿತು. ಯೂಟಾ ರಾಜ್ಯದ ಯುರೇನಿಯಂ ಗಣಿಯೊಂದಕ್ಕೆ ಮೇ ತಿಂಗಳಲ್ಲಿ ಎರಡು ವಾರದೊಳಗೆ ಒಪ್ಪಿಗೆ ದೊರೆಯಿತು. ಒಂದು ತೊರೆಯಲ್ಲಿ ಬೇಸಿಗೆಯ ನೀರೆಷ್ಟು, ಮಳೆಗಾಲದ ನೀರೆಷ್ಟು ಎಂದು ಅಳೆಯಲು ಒಂದು ವರ್ಷವಾದರೂ ಬೇಕು. 28 ದಿನದಲ್ಲಿ ತಯಾರಾಗುವ ವರದಿ ತೊರೆಯನ್ನು ನೋಡಿ ಬರೆದುದಾಗಿರಲಾರದು. ಅನುಮತಿ ಪತ್ರವನ್ನು ಮುಂದಿಟ್ಟುಕೊಂಡು ಬರೆದುದಾಗಿರುತ್ತದೆ.

ಈ ವರದಿಗಳ ಮೂಲ 1970ರ ಜನವರಿ 1ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ. ದೊಡ್ಡ ಕೆಲಸ ಕೈಗೊಳ್ಳುವ ಮೊದಲು ಅದರ ಪರಿಣಾಮವನ್ನು ಬರೆದು ಜನರ ಮುಂದಿಡಬೇಕು ಎಂಬ ಸರಳ ಕಟ್ಟಳೆ ಅದರದು. ಕಾಯ್ದೆ ಯಾವ ಯೋಜನೆಯನ್ನೂ ನಿಲ್ಲಿಸೆಂದು ಹೇಳುವುದಿಲ್ಲ. ಹೇಳಿ ಮಾಡು, ಕೇಳಿ ಮಾಡು ಎನ್ನುತ್ತದೆ, ಅಷ್ಟೇ. ಅಷ್ಟೂ ಈಗ ಹೆಚ್ಚಾಗಿ ಕಂಡಿದೆ. ಅದರ ಜಾರಿಗಾಗಿ 1978ರಿಂದ ಇದ್ದ ಸಮಾನ ನಿಯಮಾವಳಿಯನ್ನು 2025ರ ಫೆಬ್ರವರಿಯಲ್ಲಿ ರದ್ದುಗೊಳಿಸಲಾಯಿತು. ಮೇ 29ರಂದು ಸರ್ವೋಚ್ಚ ನ್ಯಾಯಾಲಯವು ಯೂಟಾದ 88 ಮೈಲಿ ಉದ್ದದ ತೈಲ ಸಾಗಣೆ ರೈಲುಮಾರ್ಗದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಹಳಿ ಹಾಕುವುದರ ಪರಿಣಾಮ ನೋಡಿದರೆ ಸಾಕು. ಆ ಹಳಿಯಿಂದಾಗಿ ಹೆಚ್ಚುವ ತೈಲ ಬಾವಿಗಳ, ದೂರದ ಸಂಸ್ಕರಣಾಗಾರಗಳ ಪರಿಣಾಮವನ್ನು ಇಲಾಖೆ ಲೆಕ್ಕ ಹಾಕಬೇಕಾಗಿಲ್ಲ ಎಂಬುದು ಅದರ ಸಾರ. ಜುಲೈ 4ರಂದು ಜಾರಿಗೆ ಬಂದ ಬೃಹತ್ ತೆರಿಗೆ ಕಾನೂನಿನಲ್ಲಿ ಇನ್ನೊಂದು ಏರ್ಪಾಡಿದೆ. ವರದಿಯ ತಯಾರಿಕೆಗೆ ತಗಲುವ ವೆಚ್ಚದ 125 ಶೇಕಡಾ ಶುಲ್ಕ ಕಟ್ಟಿದ ಕಂಪನಿಗೆ ವರದಿ ನಿಗದಿತ ಅವಧಿಯಲ್ಲಿ, ಬೇಗ ದೊರೆಯುತ್ತದೆ. ದೇವಸ್ಥಾನದಲ್ಲಿ ವಿಶೇಷ ದರ್ಶನಕ್ಕೆ ಚೀಟಿ ಹರಿಸಿದಂತೆ ಪರಿಸರದ ಪರಿಶೀಲನೆಗೂ ಚೀಟಿ ಹರಿಸುವ ಕಾಲ ಬಂದಿತು.

ಕೊಡಲಿಯ ಕಾವು

ಇದೆಲ್ಲ ಒಂದೇ ಪಕ್ಷದ ಕೃತ್ಯವೆಂದು ಹೇಳಿ ಕೈತೊಳೆದುಕೊಳ್ಳುವವರು ಆತ್ಮವಂಚನೆ ಮಾಡಿಕೊಳ್ಳುತ್ತಾರೆ. ಕೊಡಲಿ ಕಾವು ಕುಲಕ್ಕೆ ಸಾವು ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ಕಾಡನ್ನು ಕಡಿಯುವ ಕಬ್ಬಿಣಕ್ಕೆ ಕಾವು ಒದಗಿಸಿದ್ದು ಕಾಡಿನ ಮಿತ್ರರೆಂದು ಕರೆದುಕೊಂಡವರೇ.

ಅರಣ್ಯದಲ್ಲಿ ‘ತುರ್ತು ಸ್ಥಿತಿ’ ಸಾರಿ ಆಕ್ಷೇಪಣೆಯ ಹಕ್ಕನ್ನು ಮೊಟಕುಗೊಳಿಸುವ ಅಧಿಕಾರ ಹುಟ್ಟಿದ್ದು 2021ರ ಮೂಲಸೌಕರ್ಯ ಕಾಯ್ದೆಯಲ್ಲಿ; ಅದಕ್ಕೆ ಸಹಿ ಹಾಕಿದವರು ಬೈಡನ್. ಪರಿಸರ ವರದಿಗೆ ಪುಟಗಳ ಮಿತಿಯನ್ನೂ ಒಂದೆರಡು ವರ್ಷಗಳ ಗಡುವನ್ನೂ ವಿಧಿಸಿದ್ದು 2023ರ ಸಾಲದ ಮಿತಿ ಕಾಯ್ದೆ. ಅದೂ ಬೈಡನ್ ಕಾಲದ್ದೇ. ಅದೇ ಕಾಯ್ದೆ ಅಪಲೇಷಿಯನ್ ಬೆಟ್ಟಸಾಲನ್ನು ಸೀಳಿ ಹೋಗುವ 303 ಮೈಲಿ ಉದ್ದದ ಅನಿಲ ಕೊಳವೆಗೆ ಸಂಸತ್ತಿನ ಬಲದಿಂದ ಒಪ್ಪಿಗೆ ಕೊಡಿಸಿ, ಆ ಒಪ್ಪಿಗೆಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸದಂತೆ ಬಾಗಿಲು ಮುಚ್ಚಿತು. ವರ್ಷಗಳಿಂದ ಮೊಕದ್ದಮೆ ನಡೆಸಿದ್ದ ಬೆಟ್ಟದ ರೈತರು ರಾಜಧಾನಿಯ ಒಂದು ರಾಜಿಯಲ್ಲಿ ಸೋತರು.

ಹಸಿರು ಇಂಧನದ ಕೆಲಸಗಳು ಬೇಗ ಆಗಬೇಕಾದರೆ ಜನರ ಆಕ್ಷೇಪಣೆ ಕಡಿಮೆಯಾಗಬೇಕು ಎಂಬ ವಾದ ಆಗ ಜಾಣತನವಾಗಿ ಕಂಡಿತ್ತು. ಒಳ್ಳೆಯ ಕೆಲಸಕ್ಕೆಂದು ಕಿತ್ತ ಬೇಲಿ ಕೆಟ್ಟ ಕೆಲಸಕ್ಕೂ ದಾರಿ ಕೊಡುತ್ತದೆ. ಬೇಲಿ ಕೀಳುವಾಗ ಮುಂದೆ ಗದ್ದೆಗೆ ನುಗ್ಗುವ ದನ ಯಾರದೆಂದು ಕೇಳಬೇಕಿತ್ತು, ಯಾರೂ ಕೇಳಲಿಲ್ಲ.

ಮಾರಾಟ ನಿಂತದ್ದು ಹೇಗೆ?

ಹಾಗೆಂದು ಎಲ್ಲವೂ ಸೋಲಿನ ಕಥೆಯಲ್ಲ. 2025ರ ಜೂನ್‌ನಲ್ಲಿ ಯೂಟಾದ ಸೆನೆಟರ್ ಮೈಕ್ ಲೀ ಅವರು ಪಶ್ಚಿಮದ 11 ರಾಜ್ಯಗಳಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಎಕರೆ ಸಾರ್ವಜನಿಕ ಭೂಮಿಯನ್ನು ಮಾರುವ ಏರ್ಪಾಡನ್ನು ಅದೇ ತೆರಿಗೆ ಮಸೂದೆಯೊಳಗೆ ಸೇರಿಸಿದರು. ಬಡವರಿಗೆ ಮನೆ ಕಟ್ಟಲು ಜಾಗ ಬೇಕೆಂಬುದು ಹೇಳಿಕೆ. ಆಗ ಎದ್ದು ನಿಂತವರು ನಗರದ ಪರಿಸರವಾದಿಗಳು ಮಾತ್ರವಲ್ಲ. ಬೇಟೆಗಾರರು, ಗಾಳ ಹಾಕುವವರು, ಕುದುರೆ ಸವಾರರು, ದನಗಾಹಿಗಳು ಎದ್ದರು. ಅವರಲ್ಲಿ ಬಹಳಷ್ಟು ಜನ ಏಳು ತಿಂಗಳ ಹಿಂದೆ ಟ್ರಂಪ್‌ಗೆ ಮತ ಹಾಕಿದವರು. ಮೊಂಟಾನಾ, ಐಡಾಹೊ ರಾಜ್ಯಗಳ ರಿಪಬ್ಲಿಕನ್ ಸೆನೆಟರುಗಳೇ ವಿರೋಧಿಸಿದರು. ಜೂನ್ 28ರಂದು ಆ ಏರ್ಪಾಡನ್ನು ಹಿಂತೆಗೆದುಕೊಳ್ಳಲಾಯಿತು.

ಈ ಗೆಲುವು ಪೂರ್ಣವಲ್ಲ. 2034ರವರೆಗೆ ಪ್ರತಿ ವರ್ಷವೂ ಹಿಂದಿನ ವರ್ಷಕ್ಕಿಂತ ಹೆಚ್ಚು ನಾಟಾ ಮಾರಬೇಕೆಂಬ ಕಟ್ಟಳೆ ಅದೇ ಕಾನೂನಿನಲ್ಲಿ ಉಳಿದುಕೊಂಡಿತು. ಭೂಮಿ ಮಾರುವುದು ಎಲ್ಲರ ಕಣ್ಣಿಗೆ ಕಾಣುತ್ತದೆ. ಭೂಮಿಯ ಮೇಲಿನ ಮರ ವರ್ಷವರ್ಷವೂ ಹೋಗುವುದು ಕಾಣುವುದಿಲ್ಲ. ಆದರೂ ಒಂದು ಮಾತು ಸ್ಪಷ್ಟವಾಯಿತು. ಕಾಡನ್ನು ಪ್ರತಿದಿನ ಬಳಸುವವನು ಮಾತನಾಡಿದಾಗ ಪಕ್ಷದ ಗೋಡೆ ಒಡೆಯುತ್ತದೆ. ಅದಕ್ಕಾಗಿಯೇ ಆತ ಮಾತನಾಡುವ ಅವಧಿಯನ್ನು ಮೂರು ವಾರಕ್ಕೆ ಇಳಿಸಲಾಗುತ್ತದೆ. ರಸ್ತೆಯಿಲ್ಲದ ಕಾಡಿನ ಪ್ರಕಟಣೆಗೆ ಆ ಮೂರೇ ವಾರದಲ್ಲಿ ಲಕ್ಷಗಟ್ಟಲೆ ಅಭಿಪ್ರಾಯಗಳು ಬಂದವು ಎಂಬುದು ಆ ಭಯಕ್ಕೆ ಜನ ಕೊಟ್ಟ ಉತ್ತರ.

ಮಲೆನಾಡಿಗೆ ಇದರಿಂದೇನು?

ಯೋಜನೆಗೆ ಮೊದಲು ಪರಿಣಾಮ ಬರೆಯಬೇಕೆಂಬ ವಿಚಾರ ಅಮೆರಿಕದಲ್ಲಿ ಕಾಯ್ದೆಯಾಗಿ, ದೇಶದಿಂದ ದೇಶಕ್ಕೆ ಹರಡಿ, 1994ರಲ್ಲಿ ಪರಿಸರ ಪರಿಣಾಮ ಅಧಿಸೂಚನೆಯಾಗಿ ಭಾರತಕ್ಕೂ ಬಂದಿತು. 2006ರ ಅಧಿಸೂಚನೆ ಅದನ್ನು ಬದಲಿಸಿತು. ಬೇರು ಒಂದೇ ಆದುದರಿಂದ ರೋಗವೂ ಒಂದೇ ಬಗೆಯದು. 2020ರ ಕರಡು ಅಧಿಸೂಚನೆ ಸಾರ್ವಜನಿಕ ಅಹವಾಲಿನ ನೋಟಿಸಿನ ಅವಧಿಯನ್ನು 30 ದಿನದಿಂದ 20 ದಿನಕ್ಕೆ ಇಳಿಸಲು ಹೊರಟಿತ್ತು. ಆ ಕರಡು ಕನ್ನಡದಲ್ಲಿ ಪ್ರಕಟವಾಗಿಲ್ಲವೆಂಬ ದೂರಿನ ಮೇಲೆ ಅದೇ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟು ಅಂತಿಮ ಪ್ರಕಟಣೆಗೆ ತಡೆಯಾಜ್ಞೆ ನೀಡಿತು. ಜನರಿಗೆ ತಿಳಿಯದ ಭಾಷೆಯಲ್ಲಿ ಜನರ ಅಭಿಪ್ರಾಯ ಕೇಳುವುದು ಕೇಳಿದಂತಾಗುವುದಿಲ್ಲ ಎಂಬ ತಿಳಿವು ಅದರಲ್ಲಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅಣು ಮತ್ತು ನಿರ್ಣಾಯಕ ಖನಿಜಗಳ ಗಣಿಗಾರಿಕೆಯನ್ನು ಸಾರ್ವಜನಿಕ ಸಮಾಲೋಚನೆಯಿಂದಲೇ ಹೊರಗಿಟ್ಟಿತು. ಅಲ್ಲಿ ‘ತುರ್ತು’ ಎಂದಂತೆ ಇಲ್ಲಿ ‘ರಾಷ್ಟ್ರೀಯ ಭದ್ರತೆ’.

ಅದೇ ಸೆಪ್ಟೆಂಬರ್‌ನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಅಹವಾಲು ಸಭೆಗಳು ಕಾರ್ಗಲ್ ಮತ್ತು ಗೇರುಸೊಪ್ಪೆಗಳಲ್ಲಿ ನಡೆದವು. ಅಲಾಸ್ಕದ ಕೇಕ್ ಊರಿನವರು ಮತ್ತು ಶರಾವತಿ ಕಣಿವೆಯವರು ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರ ಕೈಯಲ್ಲಿಯೂ ಇದ್ದ ಆಯುಧ ಒಂದೇ: ತೀರ್ಮಾನಕ್ಕೆ ಮೊದಲು ಮಾತನಾಡುವ ಹಕ್ಕು.

ಆ ಹಕ್ಕು ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. 2006ರ ಅಧಿಸೂಚನೆಯ ಪ್ರಕಾರ ಯೋಜನೆಯ ಸಾರಾಂಶ ಕನ್ನಡದಲ್ಲಿ ದೊರೆಯಬೇಕು. ಅದನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿಯೂ ಜಿಲ್ಲಾ ಪಂಚಾಯಿತಿಯಲ್ಲಿಯೂ ಯಾರು ಬೇಕಾದರೂ ಕೇಳಿ ನೋಡಬಹುದು. ಸಭೆಗೆ ಬರಲಾಗದವರು ಲಿಖಿತ ಆಕ್ಷೇಪಣೆ ಕೊಡಬಹುದು. ಸಭೆಯ ಕೊನೆಯಲ್ಲಿ ಜನ ಎತ್ತಿದ ವಿಷಯಗಳನ್ನು ಕನ್ನಡದಲ್ಲಿ ಬರೆದು ಸಭಿಕರಿಗೆ ತಿಳಿಸಬೇಕು. ನಡಾವಳಿಯನ್ನು ಪಂಚಾಯಿತಿ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕು. ಹಳ್ಳಿಯ ಕಾಲೇಜು ವಿದ್ಯಾರ್ಥಿಗಳು ಆ ಸಾರಾಂಶವನ್ನು ಓದಿ ಹಿರಿಯರಿಗೆ ಅರ್ಥ ಹೇಳಬೇಕು. ಹಿರಿಯರು ತೊರೆ, ಧರೆ, ಹಕ್ಕಲುಗಳ ಬಗ್ಗೆ ವರದಿಯಲ್ಲಿ ಬಿಟ್ಟುಹೋದುದನ್ನು ವಿದ್ಯಾರ್ಥಿಗಳಿಗೆ ಬರೆಯಿಸಬೇಕು. ಕೊಟ್ಟ ಆಕ್ಷೇಪಣೆಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿ ಪ್ರತಿ ಮನೆಯಲ್ಲಿರಬೇಕು. ಕೇಕ್ ಊರಿನವರು 2015ರಲ್ಲಿ ಗೆದ್ದದ್ದು ಇಲಾಖೆಯ ದಾಖಲೆಯಲ್ಲಿ ಬರೆದಿಟ್ಟ ಮಾತುಗಳ ಬಲದಿಂದ. ದಾಖಲೆಗೆ ಸೇರಿದ ಮಾತನ್ನು ಮುಂದೆ ಬರುವ ಯಾವ ಸರ್ಕಾರವೂ ಆಡಲಿಲ್ಲವೆಂದು ಹೇಳಲಾರದು.